ದೀಪ ಹಚ್ಚಿದ ಮೇಲಿನ ಹೆಪ್ಪು

ಮಧ್ಯಾಹ್ನ ಉಂಡು ಒರಗಿದರೆ ನಾನು ಈಗಲೂ ಪುಣೆಯ ರಾಸ್ತಾ ಪೇಠೆಯ ಆ ವಾಡೆಯ ಮೆಟ್ಟಿಲು ಹತ್ತುತ್ತೇನೆ. ವಾಕಡದ ಹನ್ನೊಂದನೇ ಮಹಡಿಯಲ್ಲಿ, ಮಗಳ ಮನೆಯಲ್ಲಿ, ಫ್ಯಾನಿನ ಕೆಳಗೆ ಮಲಗಿರುವುದು ಮೈ ಮಾತ್ರ. ಕಾಲುಗಳು ಅಲ್ಲಿರುತ್ತವೆ. ದೊಡ್ಡ ಬಾಗಿಲು ದಾಟಿ, ಕಲ್ಲು ಹಾಸಿದ ಚೌಕದಲ್ಲಿ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಹಿತ್ತಾಳೆ ಕೊಡಗಳನ್ನು ಸುತ್ತಿಕೊಂಡು ಎಡಕ್ಕೆ ಹೊರಳಿದರೆ ಕಟ್ಟಿಗೆಯ ಮೆಟ್ಟಿಲು. ಏಳನೆಯದು ಕಿರುಗುಟ್ಟುತ್ತದೆ, ಅದನ್ನು ಬಿಟ್ಟು ಎಂಟನೆಯದಕ್ಕೆ ಕಾಲಿಡಬೇಕು. ಕನಸಿನಲ್ಲೂ ನಾನು ಏಳನೆಯದನ್ನು ತುಳಿದವಳಲ್ಲ. ಮೇಲೆ ಎರಡು ಖೋಲಿಗಳ ನಮ್ಮ ಮನೆ, ಒಲೆಯ ಪಕ್ಕದ ಗೂಡಿನಲ್ಲಿ ಬಿಳಿ ಬಟ್ಟೆ ಮುಚ್ಚಿದ ಒಂದು ಮಣ್ಣಿನ ಕುಡಿಕೆ. ಅದರ ಮೇಲಿನ ಬಟ್ಟೆ ಸರಿಸಬೇಕು ಅನ್ನುವಷ್ಟರಲ್ಲಿ ಮಗಳು ಬಂದು ಚಹಾ ಬೇಕೇನು ಎಂದು ಕೇಳುತ್ತಾಳೆ, ನಾನು ಇಳಿದು ಬರುತ್ತೇನೆ.

ಆ ಕುಡಿಕೆಯಲ್ಲಿ ಇರುತ್ತಿದ್ದದ್ದು ಹೆಪ್ಪು. ನಾಲ್ಕು ಚಮಚ ಮೊಸರು, ಮತ್ತೇನೂ ಅಲ್ಲ. ಆದರೆ ನಮ್ಮ ಮನೆಯಲ್ಲಿ ಅದಕ್ಕಿದ್ದ ಮರ್ಯಾದೆ ಅಪ್ಪನಿಗೂ ಇರಲಿಲ್ಲ. ಅಪ್ಪ ಭವಾನಿ ಪೇಠೆಯಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಡಿಯ ಗುಮಾಸ್ತ. ಸಂಜೆ ಅವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ನಾವೆಲ್ಲ ಸೀನುತ್ತಿದ್ದೆವು. ಅಜ್ಜಿ, ಅಂದರೆ ಅಪ್ಪನ ತಾಯಿ, ಸಿಂದಗಿ ಕಡೆಯ ಹಳ್ಳಿಯವಳು. ಮದುವೆಯಾಗಿ ಈ ಊರಿಗೆ ಹೊರಟಾಗ ಅವಳ ತಾಯಿ ಹಳೆಯ ಧೋತರದ ತುಂಡೊಂದನ್ನು ಮೊಸರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಮತ್ತೆ ಅದ್ದಿ, ಮತ್ತೆ ಒಣಗಿಸಿ, ಕುಪ್ಪಸದ ಖಣಗಳ ನಡುವೆ ಮಡಿಸಿ ಇಟ್ಟಿದ್ದಳಂತೆ. ಸೊಲ್ಲಾಪುರದವರೆಗೆ ಚಕ್ಕಡಿ, ಮೋಟಾರು, ಅಲ್ಲಿಂದ ರೈಲು. ಪುಣೆಯಲ್ಲಿ ಇಳಿದ ದಿನವೇ ಅಜ್ಜಿ ಆ ತುಂಡನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿದಳು. ಮೊದಲ ದಿನ ಹಾಲು ಹಾಲಾಗಿಯೇ ಇತ್ತು. ಎರಡನೆಯ ದಿನ ಲೋಳೆಯಾಯಿತು. ಮೂರನೆಯ ದಿನ ತವರುಮನೆ ಬಟ್ಟಲಲ್ಲಿ ಬಂದು ಕೂತಿತ್ತು. ಅಂದಿನಿಂದ ಇಂದಿನ ಮೊಸರು ನಾಳೆಯ ಹಾಲಿಗೆ, ನಾಳೆಯದು ನಾಡಿದ್ದಿನದಕ್ಕೆ, ಒಂದು ದಿನವೂ ತಪ್ಪಿರಲಿಲ್ಲ. ಅಜ್ಜ ತೀರಿಕೊಂಡ ದಿನ ಕೂಡ ಅಜ್ಜಿ ಅಳುತ್ತಲೇ ಎದ್ದು ಹೆಪ್ಪು ಹಾಕಿ ಬಂದು ಮತ್ತೆ ಅಳಲು ಕೂತಳೆಂದು ಅವ್ವ ಹೇಳುತ್ತಿದ್ದಳು.

ಅಜ್ಜಿಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ದಿನಾ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಉಣ್ಣುವುದನ್ನೆಲ್ಲ ಮೊದಲು ಅದಕ್ಕೆ ತೋರಿಸಿ, ಆಮೇಲೆ ತಾನು ತುತ್ತೆತ್ತುತ್ತಿದ್ದಳು. ಹೊರಗಿನದು ಏನೂ ನಡೆಯುತ್ತಿರಲಿಲ್ಲ. ಮಾಂಸ ಬೇಯುವ ಮನೆಯ ನೀರು ಕೂಡ ಇಲ್ಲ. ಇಂಥವಳು ಬಂದು ಸೇರಿದ್ದು ಎಂಥ ವಾಡೆಗೆ ಅನ್ನುತ್ತೀರಿ. ಮುಂದಿನ ದೊಡ್ಡ ಖೋಲಿಗಳಲ್ಲಿ ವಾಡೆಯ ಒಡತಿ, ನಾವೆಲ್ಲ ಕಾಕೂ ಅನ್ನುತ್ತಿದ್ದ ಮರಾಠಿ ಹೆಂಗಸು. ಅವರೂ ಈ ಊರಿನವರಲ್ಲ, ಅವರ ಮಾವನ ಕಾಲಕ್ಕೆ ಕೊಂಕಣದಿಂದ ಬಂದವರು. ಹಿಂದುಗಡೆ ಸೀರೆ ನೇಯುವ ತೆಲುಗರು. ಅವರ ಮಗ್ಗದ ಸದ್ದು ಮಧ್ಯಾಹ್ನ ಇಡೀ ವಾಡೆಯನ್ನು ತೊಟ್ಟಿಲಿನ ಹಾಗೆ ತೂಗುತ್ತಿತ್ತು, ನಾನು ಲೆಕ್ಕದ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆ. ನಮ್ಮ ಎದುರಿಗೆ ರೈಲ್ವೆ ನೌಕರರ ಮನೆಯ ತಮಿಳು ಮಾಮಿ. ಗಲ್ಲಿಯ ತುದಿಗೆ ಇರಾಣಿಯ ಬೇಕರಿ, ಬೆಳಗಿನ ಜಾವ ಅದರ ಬ್ರೆಡ್ಡಿನ ಬಿಸಿ ವಾಸನೆ ಎಲ್ಲರ ಕಿಟಕಿಗೂ ಒಂದೇ ಸಮನೆ ಬರುತ್ತಿತ್ತು. ನಲ್ಲಿಯ ಮುಂದೆ ಎಲ್ಲರದೂ ಮರಾಠಿ, ಹೊಸ್ತಿಲು ದಾಟಿದರೆ ಅವರವರ ಮಾತು. ಹೀಗೆ ಒಂದೊಂದು ದಿಕ್ಕಿನಿಂದ ಬಂದು ಒಂದು ನಲ್ಲಿಗೆ ಜೋತುಬಿದ್ದವರು ನಾವು. ಯಾರ ಕೊಡ ಯಾರದಕ್ಕೆ ತಾಗಿತು ಎಂದು ಜಗಳವಾಡಿಕೊಂಡು, ಸಂಜೆ ಅವರ ಮಗುವನ್ನೇ ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದೆವು.

ನಮ್ಮ ಖೋಲಿಯ ಸರಿಯಾಗಿ ಕೆಳಗೆ, ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ ಫ್ಲೋರಾ ಅವರ ಮನೆ. ಅವರು ಯಹೂದಿಗಳು, ಬೆನೆ ಇಸ್ರೇಲ್ ಜನ. ಎಷ್ಟೋ ತಲೆಮಾರುಗಳ ಹಿಂದೆ ಅವರ ಹಿರಿಯರ ಹಡಗು ಕೊಂಕಣದ ದಂಡೆಗೆ ಬಡಿದು ಒಡೆಯಿತಂತೆ, ಈಜಿ ದಡ ಸೇರಿದವರು ಎಣ್ಣೆಯ ಗಾಣ ಹಾಕಿಕೊಂಡು ಬದುಕಿದರಂತೆ, ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲವಂತೆ. ಇದನ್ನು ಮಾವಶಿ ಅಕ್ಕಿ ಆರಿಸುತ್ತ ನನಗೆ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಮರಾಠಿಯಲ್ಲಿ, ಆದರೆ ಈಗ ಅವರ ದನಿ ನನಗೆ ನಮ್ಮ ಮನೆಯ ಕನ್ನಡದಲ್ಲೇ ಕೇಳಿಸುತ್ತದೆ, ಹಾಗೆಯೇ ಬರೆಯುತ್ತೇನೆ. ಅವರ ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿದ ಒಂದು ಸಣ್ಣ ಕೊಳವೆ ಇತ್ತು, ಒಳಗೆ ದೇವರ ಮಾತು ಬರೆದ ಸುರುಳಿ. ಹೋಗುವಾಗ ಬರುವಾಗ ಅದನ್ನು ಬೆರಳಿನಿಂದ ಮುಟ್ಟಿ ತುಟಿಗೆ ಒತ್ತಿಕೊಳ್ಳುತ್ತಿದ್ದರು. ಅಜ್ಜಿ ಕೊರಳಲ್ಲಿ ಕಟ್ಟಿಕೊಂಡದ್ದನ್ನು ಇವರು ಬಾಗಿಲಿಗೆ ಕಟ್ಟಿದ್ದಾರೆ ಎಂದು ನಾನು ತಿಳಿದಿದ್ದೆ. ಹಬ್ಬಕ್ಕೆ ಅವರು ಅವಲಕ್ಕಿ, ಬೆಲ್ಲ, ಕೊಬ್ಬರಿ ಕಲಸಿದ ಮಲೀದಾ ಕಳಿಸಿದರೆ ಅಜ್ಜಿ ಅದನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಎಂಟನೆಯ ಮೆಟ್ಟಿಲ ಮೇಲೆ ಕೂತು ಅಷ್ಟನ್ನೂ ತಿಂದು, ಬಾಯಿ ಒರೆಸಿಕೊಂಡು, ಖಾಲಿ ತಾಟು ವಾಪಸು ಕೊಟ್ಟು ಬರುತ್ತಿದ್ದೆ.

ನನಗೆ ಹತ್ತು ವರ್ಷ. ದಸರೆಗೆ ಮುಂಚಿನ ಒಂದು ಶುಕ್ರವಾರ. ಅವ್ವ ಬಾಣಂತಿ ತಂಗಿಯನ್ನು ನೋಡಲು ಯೆರವಡೆಗೆ ಹೋಗಿದ್ದಳು. ಅಜ್ಜಿ ದೀಪ ಹಚ್ಚಿ, ಮಠದಲ್ಲಿ ಪ್ರವಚನಕ್ಕೆ ಹೊರಟವಳು, ಮೊದಲ ಸಲ ಆ ಕೆಲಸ ನನಗೆ ಒಪ್ಪಿಸಿದಳು.

“ಹಾಲು ಕಾಸಿ ಆರಾಕ ಬಿಡು. ಕಿರುಬೆರಳು ಅದ್ದಿ ನೋಡು. ಬೆರಳಿಗೆ ಹಿತ ಅನಿಸಿದ ಮ್ಯಾಲೆ ಒಂದು ಚಮಚ ಹೆಪ್ಪು ಹಾಕು. ನಿನಗ ಆಗ್ತದೋ ಇಲ್ಲೋ?”

“ಆಗ್ತದ, ಹೋಗು ಅಜ್ಜಿ.”

ಹಾಲು ಕುದಿಯಿತು. ಆಗ ಕೆಳಗಿನಿಂದ ಹಾಡು ಬಂತು. ಶುಕ್ರವಾರ ಸಂಜೆ ಮಾವಶಿಯ ಮನೆಯವರು ತಮ್ಮ ವಾರದ ಹಬ್ಬವನ್ನು ಬರಮಾಡಿಕೊಳ್ಳುವ ಹಾಡು, ತಿಳಿಯದ ಭಾಷೆಯದು. ನೆಲದ ಹಲಗೆಗಳ ಸಂದಿಯಿಂದ ಅದು ಹೊಗೆಯ ಹಾಗೆ ಏರಿ ಬರುತ್ತಿತ್ತು. ನಾನು ಕೇಳುತ್ತ, ಕೇಳುತ್ತ, ಇಕ್ಕಳದಲ್ಲಿ ಹಾಲಿನ ಪಾತ್ರೆ ಹಿಡಿದು, ಕುದಿಯುವ ಹಾಲನ್ನು ಹಾಗೆಯೇ ಕುಡಿಕೆಗೆ ಸುರಿದುಬಿಟ್ಟೆ. ಎಚ್ಚರವಾದಾಗ ಕುಡಿಕೆಯಲ್ಲಿ ನೀರು ಬೇರೆ, ಗಂಟು ಬೇರೆ. ಸಿಂದಗಿಯಿಂದ ಬಂದ ಹೆಪ್ಪು ಬೆಂದು ಹೋಗಿತ್ತು. ಮಧ್ಯಾಹ್ನದ ಮೊಸರು ಮಧ್ಯಾಹ್ನವೇ ಮುಗಿದಿತ್ತು. ನನ್ನ ಕಿವಿಯನ್ನು ನಾನೇ ಕಿತ್ತುಕೊಳ್ಳಬೇಕು ಅನ್ನಿಸಿತು.

ಬಟ್ಟಲು ಹಿಡಿದು ಓಡಿದೆ. ಕಾಕೂ ನನ್ನ ಕೈಯ ಬಟ್ಟಲು ನೋಡಿಯೇ ತಲೆಯಾಡಿಸಿದರು.

“ಅಗಂ, ದೀಪ ಹಚ್ಚಿ ಆತು. ಈಗ ಹಾಲು-ಮೊಸರು ಹೊರಗ ಕೊಟ್ಟರ ಲಕ್ಷ್ಮೀ ಹೋಗ್ತಾಳ. ಉದ್ಯಾ ಸಕಾಳೀ ಯೇ, ನಾಳೆ ಬೆಳಿಗ್ಗೆ ಬಾ.”

ಮಗ್ಗದ ಮನೆಯಲ್ಲೂ ಅದೇ. ಮಾಮಿಯ ಮನೆಯಲ್ಲೂ ಅದೇ, ಮಾಮಿ ನನ್ನ ಗಲ್ಲ ಸವರಿ, ಒಂದು ಚಕ್ಕುಲಿ ಕೊಟ್ಟು, ಮೊಸರು ಮಾತ್ರ ಕೊಡಲಿಲ್ಲ. ನಲ್ಲಿಯ ಮುಂದೆ ಒಂದು ಕೊಡದ ನೀರಿಗೆ ಕಚ್ಚಾಡುವವರು ಈ ಒಂದು ಮಾತಿನಲ್ಲಿ ಎಷ್ಟು ಒಗ್ಗಟ್ಟು! ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ನೇಮ ಇಲ್ಲದ ಮನೆ ಇಡೀ ವಾಡೆಯಲ್ಲಿ ಒಂದೇ ಇತ್ತು.

ಫ್ಲೋರಾ ಮಾವಶಿ ಬಾಗಿಲಿಗೆ ಬಂದರು. ಒಳಗೆ ಗಾಜಿನ ಬಟ್ಟಲಲ್ಲಿ ನೀರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಉರಿಯುವ ಬತ್ತಿ. ನಾನು ಅಳುತ್ತ ಹೇಳಿದ್ದು ಅವರಿಗೆ ಎಷ್ಟು ತಿಳಿಯಿತೋ.

“ಅಳಬ್ಯಾಡ. ಈವತ್ತಿನ ದಿನ ನಾವು ಹೊಸ್ತಿಲ ದಾಟಿಸಿ ಏನೂ ಒಯ್ಯಾಂಗಿಲ್ಲ. ನೀನೇ ಒಳಗ ಬಂದು ತೊಗೊ. ಎಡಗಡೆ ಕಪಾಟು, ಅದು ಹಾಲಿಂದು. ಬಲಗಡೇದು ತೆಗೀಬ್ಯಾಡ.”

“ಯಾಕ್ರಿ ಮಾವಶಿ?”

“ಅದು ಮಟನ್‌ದು. ನಮ್ಮಲ್ಲಿ ಹಾಲೂ ಮಟನ್ನೂ ಒಂದರ ಮಾರಿ ಒಂದು ನೋಡೂದಿಲ್ಲ.”

ನಾನು ಎಡಗಡೆಯ ಕಪಾಟು ತೆಗೆದು ಎರಡು ಚಮಚ ತೆಗೆದುಕೊಂಡೆ. ಕುಡಿಕೆ ತಿಕ್ಕಿ ತೊಳೆದು, ಉಳಿದ ಹಾಲಿಗೆ ಕಿರುಬೆರಳು ಅದ್ದಿ, ಬೆರಳಿಗೆ ಹಿತವೆನಿಸಿದ ಮೇಲೆ ಹಾಕಿ, ಬಿಳಿ ಬಟ್ಟೆ ಮುಚ್ಚಿದೆ.

ಮರುದಿನ ಮೊಸರು ಕಲ್ಲಿನ ಹಾಗೆ ಕೂತಿತ್ತು. ಅಜ್ಜಿ ಕುಡಿಕೆಯನ್ನು ಓರೆ ಮಾಡಿ ನೋಡಿ ಹಿಗ್ಗಿದಳು.

“ನೋಡಿದ್ಯಾ, ಈ ಊರ ಹಾಲು ನಮ್ಮ ತವರಮನಿ ಹೆಪ್ಪಿಗೆ ಈಗ ಒಗ್ಗ್ಯದ. ಗಿರಿಜಾನ ಕೈ ಭಾಳ ಛಲೋ ಅದ.”

ಹೊಗಳಿಕೆ ಕೇಳಿ ಮೈಯೆಲ್ಲ ಬೆವರಿದ್ದು ಅದೇ ಮೊದಲು. ಅವಳು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಆ ಮೊಸರನ್ನು ಅದಕ್ಕೆ ತೋರಿಸುವಾಗ ನಾನು ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಮೂರು ತಿಂಗಳು ಕಳೆದವು. ಸುಳ್ಳು ಹೇಳಿದ್ದೇನೂ ಇಲ್ಲವಲ್ಲ, ಸುಮ್ಮನಿದ್ದೇನೆ ಅಷ್ಟೆ, ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಮೊಸರು ಮಾತ್ರ ದಿನದಿನಕ್ಕೆ ರುಚಿಯಾಗುತ್ತಲೇ ಹೋಯಿತು.

ಚಳಿಗಾಲದಲ್ಲಿ ಮಾವಶಿಯ ಮನೆಯ ಮುಂದೆ ಕಟ್ಟಿಗೆಯ ಪೆಟ್ಟಿಗೆಗಳು ಬಂದು ಬಿದ್ದವು. ಗಂಡುಮಕ್ಕಳು ಮೊದಲೇ ಇಸ್ರೇಲಿಗೆ ಹೋಗಿದ್ದರು, ಈಗ ಗಂಡಹೆಂಡತಿ ಹೊರಟಿದ್ದರು. ಇನ್ನು ಹತ್ತು ದಿನ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅವರು ನನ್ನ ಕೈ ಹಿಡಿದರು.

“ಗಿರಿಜಾ, ಸಾಮಾನು ಕಟ್ಟೋ ಗದ್ದಲದಾಗ ಮೂರು ದಿನ ಹೆಪ್ಪು ಹಾಕೂದು ಮರತೆ. ಹುಳಾ ಬಿದ್ದು ಹೋತು. ನಮ್ಮವ್ವ ಕೊಂಕಣದ ಪೆಣ್ ಊರಿಂದ ಬರುವಾಗ ತಂದದ್ದು ಅದು. ಅವತ್ತ ನೀ ಒಯ್ದಿದ್ದೆಲ್ಲ, ಅದು ನಿಮ್ಮ ಮನ್ಯಾಗ ಇನ್ನೂ ಅದ ಏನು? ಒಂದು ಚಮಚ ತಂದುಕೊಡು. ಬ್ಯಾರೆ ಮನೀದು ನನ್ನ ಬಾಯಿಗೆ ಹತ್ತೂದಿಲ್ಲ.”

ಅವರಿಗೂ ಅದು ತಾಯಿಯ ಹೆಪ್ಪು. ಅವರ ತಾಯಿಯದು ಈಗ ಉಳಿದಿದ್ದರೆ ನನ್ನ ಅಜ್ಜಿಯ ಕುಡಿಕೆಯಲ್ಲಿ ಮಾತ್ರ. ನಾನು ಮೆಟ್ಟಿಲು ಹತ್ತಿದೆ. ಕದ್ದು ಒಂದು ಚಮಚ ತರುವುದು ಕಷ್ಟವಿರಲಿಲ್ಲ. ಆದರೆ ಒಮ್ಮೆ ಬಚ್ಚಿಟ್ಟದ್ದೇ ಗಂಟಲಲ್ಲಿ ಕೂತಿತ್ತು, ಇನ್ನೊಂದಕ್ಕೆ ಜಾಗ ಇರಲಿಲ್ಲ. ಅಜ್ಜಿ ತಾಟಿನ ಮುಂದೆ ಕೂತಿದ್ದಳು, ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಮೊಸರಿನ ಬಟ್ಟಲು.

“ಅಜ್ಜಿ, ಕೆಳಗಿನ ಮಾವಶಿ ಒಂದು ಚಮಚ ಹೆಪ್ಪು ಕೇಳ್ಯಾರ.”

“ಮಾಂಸ ಬೇಯೋ ಮನಿಗೆ ನನ್ನ ತವರಮನಿ ಹೆಪ್ಪ? ನಿನಗ ಹುಚ್ಚು ಹಿಡದದ ಏನು?”

“ಅದು ನಿನ್ನ ತವರಮನೀದು ಅಲ್ಲ ಅಜ್ಜಿ. ನಿಂದು ನಾ ಸುಟ್ಟೆ. ಇದು ಅವರದೇ.”

ಬಟ್ಟಲು ಅಲ್ಲಿಯೇ ನಿಂತಿತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಎಂದಿನಿಂದ?” ಅಂದಳು ಅಜ್ಜಿ.

“ದಸರಾಕ್ಕಿಂತ ಮೊದಲಿಂದ.”

ಅಜ್ಜಿ ಬಟ್ಟಲು ಕೆಳಗಿಟ್ಟಳು. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕರಡಿಗೆಯೊಳಗೆ ಇಟ್ಟಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಕಾದೆ.

“ಹೆಪ್ಪು ಸುಟ್ಟಿದ್ದಕ್ಕ ನಾ ಏನೂ ಅನ್ನೂದಿಲ್ಲ. ಕೈ ತಪ್ತದ. ಆದರ ದಿನಾ ನನ್ನ ಅಂಗೈಯಾಗ ಸುಳ್ಳು ಇಡಿಸಿದೆಲ್ಲ, ಗಿರಿಜಾ. ದೇವರ ಮುಂದ ನನ್ನ ಸುಳ್ಳಿ ಮಾಡಿದಿ.”

ಉಣ್ಣದೆ ಎದ್ದು ಹೋದಳು. ಆ ಮಾತಿಗೆ ನಾನು ಅತ್ತಷ್ಟು ಆಮೇಲೆ ಯಾರ ಸಾವಿಗೂ ಅತ್ತಿಲ್ಲ.

ಮೂರು ದಿನ ನಮ್ಮ ಮನೆಯಲ್ಲಿ ಮೊಸರಿಲ್ಲ. ಅಜ್ಜಿ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಒಣಒಣವಾಗಿ ತಿಂದು ನೀರು ಕುಡಿಯುತ್ತಿದ್ದಳು. ಕುಡಿಕೆ ಗೂಡಿನಲ್ಲಿ ಹಾಗೆಯೇ ಇತ್ತು. ಅವಳು ಅದನ್ನು ಚೆಲ್ಲಲಿಲ್ಲ, ಅದಕ್ಕೆ ಹಾಲೂ ಹಾಕಲಿಲ್ಲ, ಬೇರೆಯವರು ಮುಟ್ಟಲೂ ಬಿಡಲಿಲ್ಲ. ನಾನು ಶಾಲೆಯಿಂದ ಬಂದವಳೇ ಬಟ್ಟೆ ಸರಿಸಿ ಮೂಸುತ್ತಿದ್ದೆ. ಹುಳಿ ಏರುತ್ತಿತ್ತು. ಇನ್ನೊಂದು ದಿನ ಹೋದರೆ ಎರಡು ಊರಿನ ಎರಡು ತಾಯಂದಿರ ಹೆಪ್ಪನ್ನು ಕೊಂದ ಪಾಪ ನನಗೆ ಬರುತ್ತದೆ ಎಂದು ಗೊತ್ತಿತ್ತು. ಕೆಳಗಿನಿಂದ ಪೆಟ್ಟಿಗೆಗೆ ಮೊಳೆ ಹೊಡೆಯುವ ಸದ್ದು.

ಮೂರನೆಯ ದಿನ ಸಂಜೆ ಅಜ್ಜಿ ತಲೆಯ ಮೇಲೆ ಸೆರಗು ಹೊದ್ದು ನಿಂತಳು.

“ನಡಿ. ಆ ಮನಿ ತೋರಸು.”

ತೋರಿಸುವುದೇನಿತ್ತು, ಅದು ನಮ್ಮ ಕಾಲ ಕೆಳಗೇ ಇತ್ತು. ಆದರೆ ಅಷ್ಟು ವರ್ಷಗಳಲ್ಲಿ ಅಜ್ಜಿ ಆ ಬಾಗಿಲ ಮುಂದೆ ಒಮ್ಮೆಯೂ ನಿಂತಿರಲಿಲ್ಲ. ಮಾವಶಿ ಗಾಬರಿಯಾಗಿ ಕುರ್ಚಿ ತಂದಿಟ್ಟರು. ಅಜ್ಜಿ ಕೂರಲಿಲ್ಲ, ಹೊಸ್ತಿಲೂ ದಾಟಲಿಲ್ಲ. ಅವಳಿಗೆ ಮರಾಠಿ ನಲ್ಲಿಯ ಜಗಳಕ್ಕೆ ಬೇಕಾದಷ್ಟೇ ಬರುತ್ತಿತ್ತು, ನಡುವೆ ನಾನು ನಿಂತೆ.

“ಹಾಲಿನ ಪಾತ್ರಿ ಎಲ್ಲಿ ಇಡ್ತಾಳ, ಕೇಳು.”

ಮಾವಶಿ ಎಡಗಡೆಯ ಕಪಾಟು ತೆರೆದರು. ಅರ್ಧ ಖಾಲಿಯಾಗಿತ್ತು. ಆಮೇಲೆ ಕೇಳದಿದ್ದರೂ ಬಲಗಡೆಯದನ್ನೂ ತೆರೆದರು.

“ತೊಳಿಯೂದು?”

“ಬ್ಯಾರೆ ಬ್ಯಾರೆ. ಒರಸೋ ಅರಿವೀನೂ ಬ್ಯಾರೆ.”

“ಅದು ಉಂಡು ಎಷ್ಟು ಹೊತ್ತಿಗೆ ಮೊಸರು ಉಣ್ತಾರ?”

“ಆರು ತಾಸು ಬಿಟ್ಟು,” ಎಂದರು ಮಾವಶಿ.

ಅಜ್ಜಿ ಬಹಳ ಹೊತ್ತು ಆ ಎರಡು ಕಪಾಟುಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು.

“ನಮ್ಮ ಮಠದ ಅಯ್ಯನೋರೂ ಇಷ್ಟು ನೇಮ ಹಿಡಿಯೂದಿಲ್ಲ.”

“ಏನಂದರು?” ಎಂದು ಮಾವಶಿ ಕೇಳಿದರು. ಭಾಳ ಸ್ವಚ್ಛ ಅದ ಅಂದಳು, ಎಂದೆ. ಮಾವಶಿ ನಕ್ಕರು, ನಕ್ಕು ಕಣ್ಣು ಒರೆಸಿಕೊಂಡರು. ಕುಡಿಯಲು ನೀರು ತಂದರು. ಅಜ್ಜಿ ನೀರು ಮುಟ್ಟಲಿಲ್ಲ. ಅವಳು ಬದಲಾಗಿಬಿಟ್ಟಳು ಎಂದು ನಾನು ಬರೆಯಲಾರೆ. ಆದರೆ ಹೊರಡುವಾಗ ಕೇಳಿದಳು.

“ಚಮಚದಾಗ ಕೊಟ್ಟರ ಎಷ್ಟು ದಿನ ಬರ್ತದ? ಆ ದೇಶಕ್ಕ ಹೆಂಗ ಒಯ್ತಾಳಂತ?”

“ಅಲ್ಲೇನು ಮೊಸರು ಸಿಗೂದಿಲ್ಲೇನು, ಸಿಗ್ತದ ಬಿಡ್ರಿ ಅಜ್ಜಿ,” ಎಂದರು ಮಾವಶಿ.

“ಸಿಗೂದು ಬ್ಯಾರೆ. ತವರಮನೀದು ಬ್ಯಾರೆ.”

ಅಂದೇ ಅಜ್ಜಿ ಕುಡಿಕೆಯ ಹುಳಿ ಹೆಪ್ಪಿಗೆ ಹಾಲು ಹಾಕಿದಳು. ಎರಡು ದಿನದಲ್ಲಿ ಅದು ಸುಧಾರಿಸಿತು. ಪೆಟ್ಟಿಗೆಯ ತಳದಿಂದ ಅಜ್ಜನ ಹಳೆಯ ಧೋತರ ತೆಗೆದು, ಅಂಗೈ ಅಗಲದ ತುಂಡು ಹರಿದು, ಮೊಸರಿನಲ್ಲಿ ಅದ್ದಿ ಅಟ್ಟದ ನೆರಳಲ್ಲಿ ಹರವಿದಳು. ಒಣಗಿದ ಮೇಲೆ ಮತ್ತೆ ಅದ್ದಿದಳು. ಕಾಗೆ ಮುಟ್ಟದ ಹಾಗೆ ಕಾಯುವುದು ನನ್ನ ಕೆಲಸ. ಐದು ದಿನ ಶಾಲೆ ಬಿಟ್ಟವಳೇ ಅಟ್ಟದ ಮೇಲೆ ಕೂತಿದ್ದೆ. ಕೆಳಗೆ ಮಗ್ಗ ಆಡುತ್ತಿತ್ತು, ಬಿಸಿಲು ಹೆಂಚಿನ ಸಂದಿಯಿಂದ ಒಂದೊಂದೇ ಬಿಲ್ಲೆಯಾಗಿ ಇಳಿಯುತ್ತಿತ್ತು, ಬಟ್ಟೆಯಿಂದ ಹುಳಿಯ ಸಣ್ಣ ವಾಸನೆ ಬರುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ಶಿಕ್ಷೆ ಮತ್ತೆ ಸಿಗಲಿಲ್ಲ.

ಅವರು ಹೊರಡುವ ದಿನ ಮಾವಶಿಯನ್ನು ನಮ್ಮ ಖೋಲಿಗೆ ಕರೆದು ಮಣೆಯ ಮೇಲೆ ಕೂರಿಸಲಾಯಿತು. ವಿಧವೆಯಾದ್ದರಿಂದ ಅಜ್ಜಿ ಉಡಿ ತುಂಬುವ ಹಾಗಿರಲಿಲ್ಲ. ಅವಳು ಬಾಗಿಲ ಹತ್ತಿರ ನಿಂತು ಅಪ್ಪಣೆ ಕೊಡುತ್ತ ಹೋದಳು, ಅವ್ವ ತುಂಬುತ್ತ ಹೋದಳು: ಅಕ್ಕಿ, ತೆಂಗಿನಕಾಯಿ, ಒಂದು ಹಸಿರು ಖಣ. ಖಣದ ಮಡಿಕೆಯೊಳಗೆ ಆ ಬಟ್ಟೆಯ ತುಂಡು. ಗಂಡನ ಮನೆಗೆ ಹೊರಟ ಮಗಳಿಗೆ ಹೇಳುವ ಹಾಗೆ ಅಜ್ಜಿ ಹೇಳಿದಳು: ಮೊದಲ ದಿನ ಹಾಲು ಹಾಲಾಗಿಯೇ ಇರ್ತದ, ಅಂಜಬ್ಯಾಡ.

ಮರುದಿನ ಅಜ್ಜಿ ತಾಟಿನ ಮುಂದೆ ಕೂತಳು. ಲಿಂಗವನ್ನು ಅಂಗೈಯಲ್ಲಿಟ್ಟು, ಮೊಸರಿನ ಬಟ್ಟಲು ಎತ್ತಿ, ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಅಂದಳು: “ಇದು ಕೆಳಗಿನ ಮನಿ ಫ್ಲೋರಾಂದು. ನೋಡಿಕೊ ತಂದೆ.” ಆಮೇಲೆ ಉಂಡಳು. ನಾನು ಅಂದು ಬಾಲ್ಕನಿಗೆ ಹೋಗಲಿಲ್ಲ.

ಆ ಹೆಪ್ಪು ಇಂದಿಗೂ ನನ್ನ ಅಡುಗೆಮನೆಯಲ್ಲಿದೆ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಮುಚ್ಚಿಡುವ ಚಟವನ್ನು ಆ ವರ್ಷವೇ ಬಿಟ್ಟೆ. ಅಜ್ಜಿ ಹೋದ ಮೇಲೆ, ಮದುವೆ, ವರ್ಗಾವಣೆ, ಬಾಣಂತನಗಳ ನಡುವೆ ಎಲ್ಲೋ ಅದು ತಪ್ಪಿಹೋಯಿತು. ಯಾವ ದಿನ ಎಂದೂ ನೆನಪಿಲ್ಲ. ವಾಡೆಯೂ ಇಲ್ಲ. ಹೋದ ತಿಂಗಳು ರಿಕ್ಷಾ ಮಾಡಿಕೊಂಡು ಹೋಗಿ ನೋಡಿದೆ. ಆರು ಮಹಡಿಯ ಕಟ್ಟಡ, ಕೆಳಗೆ ಮೊಬೈಲಿನ ಅಂಗಡಿ, ಮೇಲೆ ಕೋಚಿಂಗ್ ಕ್ಲಾಸು. ನಲ್ಲಿ ಇದ್ದ ಜಾಗದಲ್ಲಿ ಸ್ಕೂಟರುಗಳು ನಿಂತಿದ್ದವು. ಕಾವಲಿನವನು ಯಾರು ಬೇಕು ಆಜೀ ಎಂದು ಕೇಳಿದ. ಯಾರ ಹೆಸರು ಹೇಳಲಿ? ಯಾರೂ ಇಲ್ಲಪ್ಪ, ಎಂದು ಬಂದೆ.

ಉಳಿದಿರುವುದು ಒಂದು ಕಾಗದ. ಮಾವಶಿ ಹೋಗಿ ಅರ್ಧ ವರ್ಷವಾದ ಮೇಲೆ ಬಂದದ್ದು, ನೀಲಿ ಹಾಳೆ, ಮರಾಠಿ ಅಕ್ಷರ. ಒಂದು ಸಂಜೆ ಅಜ್ಜಿ ಬತ್ತಿ ಹೊಸೆಯುತ್ತ ಕೂತಿದ್ದಳು, ನಾನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಮೊದಲ ದಿನ ಹಾಲು ಹಾಲಾಗಿಯೇ ಇತ್ತಂತೆ, ಹೆದರಲಿಲ್ಲವಂತೆ. ಮೂರನೆಯ ದಿನ ಕೂತಿತಂತೆ. ಪಕ್ಕದ ಮನೆಯಲ್ಲಿ ಬೇರೊಂದು ದೇಶದಿಂದ ಬಂದ ಹೆಂಗಸಿದ್ದಾಳಂತೆ, ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲವಂತೆ. ಕೊನೆಗೆ ಮಾವಶಿ ಹೀಗೆ ಬರೆದಿದ್ದರು: ‘ಮೊನ್ನೆ ಆಕೆ ಬಟ್ಟಲು ಹಿಡಿದು ನಮ್ಮ ಮೊಸರು ಕೇಳಲು ಬಂದಳು. ಆಗಲೇ ದೀಪ ಹಚ್ಚಿದ್ದೆ. ನಮ್ಮ ವಾಡೆಯಲ್ಲಿ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ, ನಾಳೆ ಬಾ ಎಂದು ಕೈಸನ್ನೆ ಮಾಡಿ ಕಳಿಸಿದೆ. ಅಜ್ಜಿಗೆ ಹೇಳು.’

ಅಜ್ಜಿ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ಕೈಯ ಬತ್ತಿ ಅರ್ಧಕ್ಕೆ ನಿಂತಿತ್ತು.

“ಹುಚ್ಚಿ ಅದಾಳ,” ಅಂದಳು. “ಅಷ್ಟು ದೂರ ಹೋಗಿ ಇದನ್ನಽ ಕಲಿತಳೇನು? ಕೊಟ್ಟು ಕಳಸಬೇಕಿತ್ತು.”

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ದೀಪ ಹಚ್ಚಲು ಎದ್ದಳು.